ಕಾಲು ನಿಲ್ಲಿಸಲು ಬಿಡದ ಸೈಕಲ್

ಹೆಸರಘಟ್ಟದ ಕಡೆ ಸೈಕಲ್ ತುಳಿಯಬೇಕೆಂದರೆ ಭಾನುವಾರ ಬೆಳಗ್ಗೆ ಬೇಗ ಹೊರಡಬೇಕು. ಚಿಕ್ಕಬಾಣಾವರ ದಾಟಿದ ಮೇಲೆ ಗಾಡಿಗಳ ಕಾಟ ಸ್ವಲ್ಪ ಕಡಿಮೆ. ಈ ಸಲ ಹೊರಟಿದ್ದು ಫಿಕ್ಸಿಯಲ್ಲಿ, ಅಂದರೆ ಫಿಕ್ಸೆಡ್ ಗೇರ್ ಸೈಕಲ್‌ನಲ್ಲಿ. ಪೆಡಲ್ ನಿಂತರೂ ಚಕ್ರ ತಿರುಗಲು ಬಿಡುವ ಫ್ರೀವೀಲ್ ಇದಕ್ಕಿಲ್ಲ. ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಸುಮ್ನೆ ಕಾಲು ನಿಲ್ಲಿಸಿ ಜಾರಿಕೊಂಡು ಹೋಗೋಣ ಅಂದರೆ ಆಗುವುದಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ಇದರ ಖುಷಿಯೇ ಬೇರೆ. ಎಷ್ಟು ವೇಗದಲ್ಲಿದ್ದೇವೆ ಅಂತ ಕಾಲಿಗೇ ಗೊತ್ತಾಗುತ್ತದೆ. ಮುಂದೆ ಹಾಲಿನ ಆಟೋ ಒಂದು ಹೋಗುತ್ತಿತ್ತು. ಅದು ನಿಧಾನವಾದಾಗ ಪೆಡಲನ್ನು ಸ್ವಲ್ಪ ತಡೆದೆ, ಅದು ಹೊರಟಾಗ ಒತ್ತಿದೆ. ಬ್ರೇಕ್ ಮುಟ್ಟಲೇ ಇಲ್ಲ. ಗೇರ್ ಬದಲಿಸುವ ಗೊಡವೆಯೂ ಇಲ್ಲ, ಕೆಡುವ ಭಾಗಗಳೂ ಕಡಿಮೆ. ಚೈನ್ ಮಾತ್ರ ಸಡಿಲವಾಗಬಾರದು. ಓಡುವಾಗ ಕಳಚಿದರೆ ಕಾಲಿನ ಹಿಡಿತ ಪೂರ್ತಿ ಹೋಗುತ್ತದೆ, ಸಿಕ್ಕಿಕೊಂಡರೆ ಹಿಂದಿನ ಚಕ್ರವೇ ಜಾಮ್.

ಇಳಿಜಾರು ಬಂತು ನೋಡಿ, ಲೆಕ್ಕ ಬದಲಾಯಿತು. ನನ್ನದರಲ್ಲಿ ಚೈನ್ ಕೂರುವ ಮುಂದಿನ ಹಲ್ಲುಚಕ್ರಕ್ಕೆ 46 ಹಲ್ಲು, ಹಿಂದಿನದಕ್ಕೆ 16. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 6 ಮೀಟರ್ ಹೋಗುತ್ತದೆ. ಗಂಟೆಗೆ 30 ಕಿ.ಮೀ. ವೇಗಕ್ಕೆ ಕಾಲು ನಿಮಿಷಕ್ಕೆ 83 ಸುತ್ತು ತಿರುಗಬೇಕು. 50 ಮುಟ್ಟಿದರೆ 138! ಆಗ ನಾವು ಪೆಡಲ್ ತುಳಿಯುವುದಲ್ಲ, ಪೆಡಲೇ ನಮ್ಮ ಕಾಲನ್ನು ಕುಣಿಸುತ್ತದೆ.

ಅದಕ್ಕಿಂತ ಕಷ್ಟ ನಮ್ಮ ಹಂಪ್‌ಗಳದ್ದು. ಬಣ್ಣವೂ ಇಲ್ಲದೆ, ಬೋರ್ಡೂ ಇಲ್ಲದೆ ಮರದ ನೆರಳಲ್ಲಿ ಒಂದು ಹಂಪ್ ಅಡಗಿತ್ತು. ಮಾಮೂಲಿ ಸೈಕಲ್ ಆಗಿದ್ದರೆ ಎರಡೂ ಪೆಡಲ್ ಸಮಕ್ಕೆ ತಂದು, ಸೀಟಿನಿಂದ ಎದ್ದು ದಾಟಿಸಿಬಿಡಬಹುದು. ಇಲ್ಲಿ ಕಾಲು ತಿರುಗುತ್ತಲೇ ಎಗರಬೇಕು. ತಿರುವಿನಲ್ಲೂ ಅಷ್ಟೇ, ಜಾಸ್ತಿ ವಾಲಿದರೆ ಒಳಗಿನ ಪೆಡಲ್ ನೆಲಕ್ಕೆ ಬಡಿಯುತ್ತದೆ.

ಬ್ರೇಕೇ ಇಲ್ಲದ ಫಿಕ್ಸಿಯನ್ನು ರಸ್ತೆಯಲ್ಲಿ ಓಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಜಪಾನಿನಲ್ಲಿ 1948ರಲ್ಲಿ ಶುರುವಾದ ಕೇರಿನ್ ರೇಸಿನ ಸೈಕಲ್‌ಗಳಿಗೆ ಬ್ರೇಕ್ ಇರುವುದಿಲ್ಲ, ಸರಿ. ಅದು ಟ್ರ್ಯಾಕ್. ಅಲ್ಲಿ ನಾಯಿ ಅಡ್ಡ ಬರುವುದಿಲ್ಲ, ಯಾರೂ ಕಾರಿನ ಬಾಗಿಲು ತೆರೆಯುವುದಿಲ್ಲ. ನಿಲ್ಲಿಸಲು ಹೋದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಕಾಲಲ್ಲಿ ಹಿಂದಿನ ಚಕ್ರ ತಡೆದರೆ ಅದು ಉಜ್ಜಿಕೊಂಡು ಜಾರುತ್ತದೆ, ಬೇಗ ನಿಲ್ಲುವುದಿಲ್ಲ. ಬ್ರಿಟನ್ನಿನ ಕಾನೂನಿನಲ್ಲೂ ಫಿಕ್ಸಿಗೆ ಮುಂದಿನ ಬ್ರೇಕ್ ಕಡ್ಡಾಯ. ನನ್ನದಕ್ಕೆ ಎರಡೂ ಹಾಕಿಸಿದ್ದೇನೆ.

ಕೆರೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸಲು ನಿಂತೆ. ಅಂಗಡಿಯ ಯಜಮಾನರು ಹಿಂದಿನ ಚಕ್ರ ಎತ್ತಿ ತಿರುಗಿಸಿದರು. ಪೆಡಲೂ ತಿರುಗಿತು. “ಫ್ರೀವೀಲ್ ಜಾಮ್ ಆಗಿದೆಯಲ್ಲಪ್ಪಾ” ಅಂದರು. “ಇಲ್ಲ ಯಜಮಾನ್ರೆ, ಇದು ಇರೋದೇ ಹೀಗೆ” ಅಂದೆ. ನಂಬಲಿಲ್ಲ, ಅಂಗಡಿ ಮುಂದೆ ಒಂದು ಸುತ್ತು ಹೊಡೆದು ಬಂದರು. “ಕಾಲು ಬಿಡಲ್ವಲ್ಲಪ್ಪಾ ಇದು! ಪೇಟೆ ಒಳಗೆ ಹೆಂಗೆ ಓಡಿಸ್ತೀಯ?”

ಅದಕ್ಕೂ ದಾರಿಯಿದೆ. ನನ್ನ ಹಿಂದಿನ ಚಕ್ರದ ಹಬ್‌ನ, ಅಂದರೆ ನಡುಭಾಗದ, ಇನ್ನೊಂದು ಬದಿಯಲ್ಲಿ ಫ್ರೀವೀಲ್ ಇದೆ. ಅವರಿಂದಲೇ 15ರ ಸ್ಪ್ಯಾನರ್ ಇಸ್ಕೊಂಡು ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಚೈನ್ ಬಿಗಿ ಮಾಡಿಕೊಂಡೆ. ದಾಸರಹಳ್ಳಿಯ ಟ್ರಾಫಿಕ್‌ಗೆ ಅದೇ ಸರಿ. ಮುಂದಿನ ಭಾನುವಾರ ಚಿಕ್ಕಬಾಣಾವರ ದಾಟಿದ ಮೇಲೆ ಮತ್ತೆ ಫಿಕ್ಸೆಡ್ ಬದಿಗೆ ಹಾಕಿಕೊಳ್ಳುತ್ತೇನೆ.