ಇಳಿತದ ಹೊತ್ತಿಗೆ ಮೀಟಿಂಗ್ ಕರೆದಿದ್ದೆ

ನಾನು ಶಿರಸಿ ಕಡೆಯವನು. ಗಿಡ ನೆಡೋದು ನನಗೆ ಹೊಸದಲ್ಲ. ಗುಂಡಿ ತೆಗೆ, ಗೊಬ್ಬರ ಹಾಕು, ಅಡಿಕೆ ಸಸಿ ಇಡು. ಅದೇ ಧೈರ್ಯದಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದೆ. ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ಬೆಳೆಸುವ ಕೆಲಸ. ಸಂಸ್ಥೆ ಸಣ್ಣದು, ಸಂಬಳ ಇನ್ನೂ ಸಣ್ಣದು. ಆದರೆ ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಹೊಳೆಯೇ ಇಲ್ಲಿ ಸಮುದ್ರ ಸೇರೋದು. ನಡುವೆ ಒಂದು ಅಣೆಕಟ್ಟೂ ಇಲ್ಲ. ಹಾಗಾಗಿ ಹೊಳೆ ನಮ್ಮದೇ ಅನ್ನೋ ಜಂಬ ಬೇರೆ.

ಮೊದಲ ಮಳೆಗಾಲದಲ್ಲಿ ನಮ್ಮ ತಲೆಯಲ್ಲಿ ಇದ್ದದ್ದು ಒಂದೇ: ಎಷ್ಟು ಗಿಡ? ರೈಜೋಫೊರಾ ಅನ್ನೋ ಜಾತಿಯ ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತು ಬಿದ್ದಿರುತ್ತದೆ. ಅದನ್ನು ತಂದು ಕೆಸರಿಗೆ ಚುಚ್ಚಿದರಾಯಿತು, ಗುಂಡಿಯೂ ಬೇಡ. ಇಳಿತದಲ್ಲಿ ನೀರು ಸರಿದಾಗ ಹೊಳೆಯ ನಡುವೆ ಅಗಲವಾದ ದಿಬ್ಬ ಏಳುತ್ತದೆ. ಬೇಲಿ ಇಲ್ಲ, ಬೆಳೆ ಇಲ್ಲ. ಖಾಲಿ ಜಾಗ ಅಂದುಕೊಂಡೆ. ಊರಲ್ಲಿ ಒಂದು ಮೀಟಿಂಗ್ ಕರೆದೆವು. ಬಂದವರು ತಲೆ ಆಡಿಸಿದರು, ಚಹಾ ಕುಡಿದರು. ಮರುವಾರ ಸಾಲಾಗಿ ಊರಿ ಬಂದೆವು. ಫೋಟೋ ಚೆನ್ನಾಗಿ ಬಂದಿತ್ತು.

ವರ್ಷ ತುಂಬುವುದರೊಳಗೆ ಹೆಚ್ಚಿನವು ಸತ್ತವು. ಬಂಡೆಗೆ ಅಂಟುತ್ತವಲ್ಲ, ಆ ಬಿಳಿ ಚಿಪ್ಪಿನ ಹುಳುಗಳು ಕಾಂಡದ ತುಂಬ ಹತ್ತಿದ್ದವು. ನಾನು ಹುಳುಗಳನ್ನು ಬೈಯುತ್ತಾ ಒಂದೊಂದೇ ಕಿತ್ತು ನೋಡುತ್ತಿದ್ದೆ. ಪಕ್ಕದಲ್ಲೇ ಬಳಚು, ಅಂದರೆ ತಿನ್ನುವ ಚಿಪ್ಪಿಮೀನು, ಹೆಕ್ಕುತ್ತಿದ್ದ ಒಬ್ಬ ಹಿರಿಯ ಹೆಂಗಸು ಬಹಳ ಹೊತ್ತಿನಿಂದ ನೋಡುತ್ತಿದ್ದರು.

"ತಮ್ಮಾ, ಇಲ್ಲಿ ಕಾಂಡ್ಲಾ ಆಗೂದಾದ್ರೆ ಅದೇ ಬರ್ತಿತ್ತು. ಬೀಜ ತೇಲ್ಕಂಡು ದಿನಾ ಇದೇ ದಾರೀಲಿ ಹೋಗ್ತದೆ" ಅಂದರು.

ಎಷ್ಟು ಸರಳ ಮಾತು ನೋಡಿ. ಕಾಂಡ್ಲಾಕ್ಕೆ ಭರತದ ನೀರು ಬಂದು ಹೋಗಬೇಕು, ಹಾಗೇ ಬೇರು ದಿನವೂ ಸಾಕಷ್ಟು ಹೊತ್ತು ಗಾಳಿಗೆ ತೆರೆದಿರಬೇಕು. ನಾವು ಊರಿದ ಜಾಗ ತಗ್ಗು. ಎಳೆ ಸಸಿ ಜಾಸ್ತಿ ಹೊತ್ತು ಮುಳುಗಿಯೇ ಇರುತ್ತಿತ್ತು. ಹುಳು ಹತ್ತಿದ್ದು ಆಮೇಲಿನ ಮಾತು.

ಅವರು ಅಷ್ಟಕ್ಕೇ ಬಿಡಲಿಲ್ಲ. "ಇದು ನಾವು ಬಳಚು ಹೆಕ್ಕೂ ಜಾಗ. ನೀವು ಕೋಲು ಊರಿ ಹೋದ್ರಿ. ಕಾಲಿಗೆ ಚುಚ್ತದೆ."

"ಮೀಟಿಂಗಲ್ಲಿ ಹೇಳಬಹುದಿತ್ತಲ್ಲ ಅಮ್ಮಾ?"

"ಮೀಟಿಂಗು ಎಷ್ಟೊತ್ತಿಗಿತ್ತು?"

ಬೆಳಗ್ಗೆ ಹನ್ನೊಂದಕ್ಕೆ. ಮನೆಗೆ ಬಂದು ಆ ದಿನದ ಭರತ-ಇಳಿತದ ಪಟ್ಟಿ ತೆಗೆದು ನೋಡಿದೆ. ಸರಿಯಾಗಿ ಇಳಿತದ ಹೊತ್ತು. ಆ ದಿಬ್ಬದ ಮೇಲೆ ದುಡಿಯುವವರೆಲ್ಲ ದಿಬ್ಬದ ಮೇಲೇ ಇದ್ದರು. ಬಾರದವರ ಜಾಗದ ಬಗ್ಗೆ ಬಂದವರು ಒಪ್ಪಿಗೆ ಕೊಟ್ಟಿದ್ದರು. ನನ್ನ ರಿಜಿಸ್ಟರಿನಲ್ಲಿ ಮಾತ್ರ 'ಊರವರ ಒಪ್ಪಿಗೆ ಪಡೆಯಲಾಗಿದೆ' ಅಂತ ಇತ್ತು.

ಆ ಸಸಿಗಳು ಬದುಕಿದ್ದರೆ? ನಾಲ್ಕಾರು ವರ್ಷದಲ್ಲಿ ಬೇರು ಹೆಣೆದುಕೊಂಡು, ಕೆಸರು ಕಟ್ಟಿಕೊಂಡು, ಬಳಚಿನ ನೆಲೆಯೇ ಹೋಗುತ್ತಿತ್ತು. ಅಳಿವೆಯ ಎಷ್ಟೋ ಮನೆಗಳ ಸಂತೆ ಖರ್ಚು ಬಳಚಿನಿಂದಲೇ ನಡೆಯುತ್ತದೆ. ಸತ್ತದ್ದೇ ಪುಣ್ಯ ಅನ್ನಿಸಿತು. ಕೆಲಸ ಕೆಟ್ಟಿದ್ದಕ್ಕೆ ಖುಷಿಪಟ್ಟದ್ದು ಅದೇ ಮೊದಲು.

ಈಗ ಮೀಟಿಂಗ್ ದಿನ ಗೊತ್ತು ಮಾಡುವುದು ಬಳಚು ಹೆಕ್ಕುವವರೇ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನನಗೆ ಪಟ್ಟಿ ಬೇಕು, ಅವರಿಗೆ ತಿಥಿ ಸಾಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನಡುಹಗಲಿನ ಸುಮಾರಿಗೆ ಭರತ ಇರುತ್ತದೆ. ಆಗ ಕರೆದರೆ ಹೆಂಗಸರೂ ಬರುತ್ತಾರೆ, ಜಗಳವೂ ಆಗುತ್ತದೆ. ಜಗಳ ಆದ ಮೀಟಿಂಗೇ ಒಳ್ಳೆಯದು.

ಎಲ್ಲವೂ ಸರಿಹೋಗಿದೆ ಅಂತಲ್ಲ. ಗಜನಿಯ ತಕರಾರು ಹಾಗೇ ಇದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಮೀನು, ಸೀಗಡಿ. ಹೀಗೆ ನಡೆದುಬಂದ ಗದ್ದೆಗಳು ಅವು. ಕಟ್ಟೆ ಒಡೆದು ಪಾಳು ಬಿದ್ದ ಗಜನಿಗೆ ಭರತದ ನೀರು ಹೊಕ್ಕರೆ ಕಾಂಡ್ಲಾ ತಾನೇ ಬರುತ್ತದೆ, ನಾವು ನೆಟ್ಟದ್ದಕ್ಕಿಂತ ಚೆನ್ನಾಗಿ. ಆದರೆ ಯಜಮಾನನಿಗೆ ನಿದ್ದೆ ಬರುವುದಿಲ್ಲ. ಕರಾವಳಿ ನಿಯಂತ್ರಣ ವಲಯದ ಕಾನೂನಿನಲ್ಲಿ ಕಾಂಡ್ಲಾ ಇರುವ ಜಾಗಕ್ಕೆ ಅತಿ ಬಿಗಿ ರಕ್ಷಣೆ. ನಾಳೆ ಮತ್ತೆ ಕಗ್ಗ ಬಿತ್ತಬೇಕು ಅಂದರೆ ಮರ ಕಡಿಯುವ ಹಾಗಿಲ್ಲ. 2024ರಲ್ಲಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ನಾವು ಲಾಡು ಹಂಚಿದೆವು. ಒಬ್ಬರು ಲಾಡು ತಿನ್ನುತ್ತಲೇ "ನಮ್ಮ ಗದ್ದೆ ಹೋಗೂದಿಲ್ಲ ಅಲ್ವಾ?" ಅಂತ ಕೇಳಿದರು. ಸುಮ್ನೆ ಹೂಂ ಅನ್ನುವುದನ್ನು ಬಿಟ್ಟಿದ್ದೇನೆ. ಅವರ ಪಹಣಿ ಹಿಡಿದು ಜೊತೆಗೆ ಕಚೇರಿಗೆ ಹೋಗುತ್ತೇನೆ.

ಈಗ ನೆಡುವುದು ಕಡಿಮೆ. ಕೊರೆಯುತ್ತಿರುವ ಗಜನಿ ಕಟ್ಟೆಯ ಹೊರಮೈಗೆ, ಅದೂ ಕಟ್ಟೆಯವರು ಕೇಳಿದಲ್ಲಿ ಮಾತ್ರ. ಬಳಚಿನ ದಿಬ್ಬದ ಗಡಿಗೆ ಹೆಂಗಸರೇ ಗೂಟ ಹೊಡೆದು ಕೊಟ್ಟಿದ್ದಾರೆ. ಅದರಾಚೆ ನಾವು ಕಾಲಿಡುವುದಿಲ್ಲ.

ವರದಿಯ ನಮೂನೆಯಲ್ಲಿ 'ನೆಟ್ಟ ಗಿಡಗಳ ಸಂಖ್ಯೆ' ಅನ್ನೋ ಕಾಲಂ ಇನ್ನೂ ಇದೆ. ಈ ವರ್ಷ ಅಲ್ಲಿ ತೀರಾ ಚಿಕ್ಕ ಸಂಖ್ಯೆ ಬರೆದು ಕಳಿಸಿದೆ. ಮರುದಿನ ಆಫೀಸಿನಿಂದ ಮೂರು ಸಲ ಫೋನ್ ಬಂದಿತ್ತು. ಇಳಿತದ ಹೊತ್ತು, ನಾನು ಕೆಸರಲ್ಲಿದ್ದೆ. ಎತ್ತಲಾಗಲಿಲ್ಲ.