ಕಾಡ್ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಪುಸ್ತಕ

ನಾವು ಕುಂದಾಪುರದ ಕಡೆಯವರು. ಮನೆಯಲ್ಲಿ ಮೀನು ಕೊಯ್ದರೆ ಕರುಳು, ಹೊಟ್ಟೆ ಎಲ್ಲ ಬೆಕ್ಕಿನ ಪಾಲು. ಒಳಗೆ ಏನಿತ್ತು ಅಂತ ಯಾರೂ ಬಿಡಿಸಿ ನೋಡಿದ್ದಿಲ್ಲ. ನನಗೆ ಅದನ್ನು ಕಲಿಸಿದವರು ಇಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು. ಚಳಿಗಾಲದಲ್ಲಿ ಅವರ ಜೊತೆ ಕಾರಿನಲ್ಲಿ ಸಫೋಕ್ ತೀರಕ್ಕೆ ಹೋಗಿ, ಉರುಟು ಕಲ್ಲುಗಳ ಮೇಲೆ ನಿಂತು ಕಾಡ್ (cod) ಅನ್ನುವ ತಣ್ಣನೆಯ ಕಡಲಿನ ಮೀನಿಗೆ ಗಾಳ ಹಾಕುತ್ತೇವೆ. ಎಷ್ಟೋ ಸಲ ಬರಿಗೈಯಲ್ಲಿ ವಾಪಸ್. ಈ ತೀರದಲ್ಲಿ ಕಾಡ್ ಈಗ ಅಪರೂಪ, 35 ಸೆಂಟಿಮೀಟರಿಗಿಂತ ಚಿಕ್ಕದು ಸಿಕ್ಕರೆ ಬಿಡಲೇಬೇಕು.

ಹೋದ ಡಿಸೆಂಬರಿನಲ್ಲಿ ಒಂದು ಸಿಕ್ಕಿತು. "ಮೊದಲು ಹೊಟ್ಟೆ ನೋಡು, ಏನು ತಿಂತಿದೆ ಅಂತ ಗೊತ್ತಾದರೆ ಗಾಳಕ್ಕೆ ಏನು ಕಟ್ಟಬೇಕು ಅಂತಲೂ ಗೊತ್ತಾಗತ್ತೆ" ಅಂದರು. ಒದ್ದೆ ತೊಗಲಿನ ಚೀಲದಂಥ ದಪ್ಪ ಹೊಟ್ಟೆ. ಸೀಳಿದರೆ ನಾಲ್ಕು ಏಡಿಗಳು, ಇಡಿಯಾಗಿಯೇ ಇದ್ದವು. ಚಿಪ್ಪು ಮಾತ್ರ ಬೆರಳಿಗೆ ಮೆತ್ತಗೆ ಬಗ್ಗುವಷ್ಟು ಕರಗಿತ್ತು. ಅವುಗಳ ಕೆಳಗೆ ಗೇಣುದ್ದದ ಒಂದು ಮೀನು, ಅದರಡಿ ಥರ್ಮಾಕೋಲ್ ಕಪ್ಪಿನ ಬಿಳಿ ಚೂರು. ಕಾಡ್ ಅಗಿಯುವುದಿಲ್ಲ, ದೊಡ್ಡ ಬಾಯಿ ತೆರೆದು ಸಿಕ್ಕಿದ್ದನ್ನು ಹಾಗೆಯೇ ನುಂಗುತ್ತದೆ. ಆ ಚೂರನ್ನು ಕೈಯಲ್ಲಿ ಹಿಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ವಾಪಸ್ ಬರುವ ದಾರಿಯಲ್ಲಿ ಅವರು ನಮ್ಮ ಕೇಂಬ್ರಿಜ್‌ನದೇ ಒಂದು ಕತೆ ಹೇಳಿದರು. 1626ರ ಜೂನ್ 23. ಕಿಂಗ್ಸ್ ಲಿನ್ ಬಂದರಿನ ಕಡೆಯಿಂದ ಬಂದ ಕಾಡ್ ಒಂದನ್ನು ಕೇಂಬ್ರಿಜ್ ಸಂತೆಯಲ್ಲಿ ಕೊಯ್ದಾಗ ಹೊಟ್ಟೆಯೊಳಗಿಂದ ಹಾಯಿಬಟ್ಟೆಯ ಒಂದು ಗಂಟು ಬಂತು. ಬಿಚ್ಚಿದರೆ ಲೋಳೆ ಹಿಡಿದ ಪುಟ್ಟ ಪುಸ್ತಕ! ಕ್ರೈಸ್ಟ್ಸ್ ಕಾಲೇಜಿನ ವಿದ್ವಾಂಸ ಜೋಸೆಫ್ ಮೀಡ್ ಹೋಗಿ ನೋಡಿ ಕಾಗದ ಬರೆದಿಟ್ಟಿದ್ದಾನೆ: ಮೀನು, ಹೊಟ್ಟೆ, ಬಟ್ಟೆ, ಪುಸ್ತಕ ಎಲ್ಲವನ್ನೂ ಕಣ್ಣಾರೆ ಕಂಡೆ, ಕೊಯ್ಯುವುದನ್ನು ಮಾತ್ರ ನೋಡಲಿಲ್ಲ ಅಂತ. ಆ ಕೊನೆಯ ಮಾತಿನಿಂದಲೇ ನನಗೆ ಅವನ ಮೇಲೆ ನಂಬಿಕೆ ಹುಟ್ಟಿತು.

ಅದರಲ್ಲಿದ್ದದ್ದು ಧರ್ಮದ ಬರಹಗಳು. ಅವು ಜಾನ್ ಫ್ರಿತ್‌ನವು ಅಂದುಕೊಂಡು ಮರುವರ್ಷವೇ ಮರುಮುದ್ರಣ ಮಾಡಿದರು. ಫ್ರಿತ್ ಕೇಂಬ್ರಿಜ್‌ನಲ್ಲೇ ಓದಿದವನು. ಚರ್ಚಿನ ಮತಕ್ಕೆ ಎದುರು ನಿಂತ ತಪ್ಪಿಗೆ 1533ರಲ್ಲಿ ಲಂಡನ್ನಿನಲ್ಲಿ ಅವನನ್ನು ಸುಟ್ಟರು. ಅದಕ್ಕೂ ಮುಂಚೆ, 1528ರಲ್ಲಿ, ಆಕ್ಸ್‌ಫರ್ಡಿನಲ್ಲಿ ಅವನನ್ನೂ ಜೊತೆಯವರನ್ನೂ ಕೂಡಿಹಾಕಿದ್ದು ಎಲ್ಲಿ ಗೊತ್ತೇ? ಉಪ್ಪುಮೀನು ತುಂಬಿಡುವ ನೆಲಮಾಳಿಗೆಯಲ್ಲಿ. ಇದನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತು.

ನಮಗಾದರೆ ಮೀನಿನ ಹೊಟ್ಟೆ ಅಂದಕೂಡಲೇ ಶಕುಂತಲೆಯ ಉಂಗುರ. ಆ ಕತೆಯಲ್ಲಿ ನನ್ನನ್ನು ಕಾಡುವುದು ರಾಜನಲ್ಲ, ಬೆಸ್ತ. ತಾನು ಹಿಡಿದ ಮೀನಿನಲ್ಲೇ ಸಿಕ್ಕ ಉಂಗುರಕ್ಕೆ ಕಳ್ಳ ಅನ್ನಿಸಿಕೊಂಡು ಕಾವಲುಗಾರರ ಕೈಯಲ್ಲಿ ಏಟು ತಿಂದವನು. 1626ರ ಸಂತೆಯಲ್ಲೂ ಹಾಗೇ: ವಿದ್ವಾಂಸನ ಹೆಸರು ನನಗೆ ಕಾಗದದಲ್ಲಿ ಸಿಕ್ಕಿತು, ಚಾಕು ಹಿಡಿದಿದ್ದ, ಮೀನು ಮಾರುವ ಹೆಂಗಸಿನ ಹೆಸರು ಸಿಗಲಿಲ್ಲ.

ಅಂದು ಮನೆಗೆ ಬಂದ ಮೇಲೆ ಹಿರಿಯರು ಮೀನಿನ ತಲೆಯನ್ನೂ ಸೀಳಿ, ಕಿವಿಯ ಜಾಗದಿಂದ ಎರಡು ಬಿಳಿ ಕಲ್ಲು ತೆಗೆದು ನನ್ನ ಮಗನ ಅಂಗೈಗಿಟ್ಟರು. ಮರದ ಕಾಂಡದಲ್ಲಿದ್ದಂತೆ ಅವುಗಳಲ್ಲೂ ವರ್ಷಕ್ಕೊಂದು ಬಳೆ ಬೀಳುತ್ತದಂತೆ. ಸಫೋಕ್ ತೀರದ ಲೋಸ್ಟಾಫ್ಟಿನ ಮೀನುಗಾರಿಕೆ ಪ್ರಯೋಗಾಲಯದವರು ಅದನ್ನೇ ಸೂಕ್ಷ್ಮದರ್ಶಕದಲ್ಲಿ ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ.

ಆ ರಾತ್ರಿ ಮಗ ವಿಡಿಯೋ ಕಾಲ್‌ನಲ್ಲಿ ಕಲ್ಲು ತೋರಿಸಿದ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ನಮ್ಮ ಕಲ್ಲೂರು ಮೀನಿನ ತಲೆಯೊಳ್ಗೂ ಇರತ್ತಲ್ಲ ಮಗಾ, ಇಷ್ಟು ದಿನ ಎಸೆದೇ ಬಿಟ್ಟೆ" ಅಂದರು. ಈಗ ಅವರು ಮೀನು ಕೊಯ್ದಾಗಲೆಲ್ಲ ಮೊಮ್ಮಗನಿಗೆಂದು ತೊಳೆದು, ಒಣಗಿಸಿ, ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಿದ್ದಾರೆ.