ಟೀ-ಶರ್ಟ್ ಹಾಕಿದ ಬಾಸ್

ಜುಲೈ 11, 2025, ಶುಕ್ರವಾರ

ಚಿಂಟು ಬೆಳಿಗ್ಗೆಯೇ ವಾಟ್ಸ್ಯಾಪ್ ಸ್ಟೇಟಸ್ ಹಾಕಿದ್ದ. ನಿಂಟೆಂಡೊ ಗೇಮ್ ಕಂಪನಿಯ ಅಧ್ಯಕ್ಷರಾಗಿದ್ದ ಸತೋರು ಇವಾಟಾ ಫೋಟೋ, ಅದರ ಕೆಳಗೆ ಅವರ 2005ರ ಭಾಷಣದ ಮಾತು: ವಿಸಿಟಿಂಗ್ ಕಾರ್ಡಿನಲ್ಲಿ ನಾನು ಕಂಪನಿ ಅಧ್ಯಕ್ಷ, ತಲೆಯೊಳಗೆ ಗೇಮ್ ಡೆವಲಪರ್, ಆದರೆ ಹೃದಯದಲ್ಲಿ ಗೇಮರ್. ಇವಾಟಾ ಹೋಗಿ ಇವತ್ತಿಗೆ ಹತ್ತು ವರ್ಷ. ಐವತ್ತೈದೇ ವಯಸ್ಸು. ಮನೆಯ ತಿಥಿಗಳನ್ನು ಅಕ್ಕ ಜ್ಞಾಪಿಸಬೇಕು, ಈ ತಾರೀಖು ಮಾತ್ರ ಇವನಿಗೆ ಬಾಯಿಪಾಠ.

ಸಂಜೆ ಫೋನ್ ಮಾಡಿದ. ನಾನು ಸಾಕಾಗಿ ಹೋಗಿ ಆಗಷ್ಟೇ ಮನೆಗೆ ಬಂದಿದ್ದೆ, ಕಾಫಿ ಕೂಡ ಇಟ್ಟಿರಲಿಲ್ಲ.

"ಮಾಮ, ಆ ಫಿಲ್ ಸ್ಪೆನ್ಸರ್‌ನ ನಮ್ಮೋನು ಅಂದ್ಕೊಂಡಿದ್ವಲ್ಲ!"

ಸ್ಪೆನ್ಸರ್ ಅಂದರೆ ಮೈಕ್ರೋಸಾಫ್ಟ್ ಕಂಪನಿಯ ಗೇಮ್ ವಿಭಾಗದ ಬಾಸ್. ಇವನ ಸಿಟ್ಟು ಜುಲೈ 2ರ ಸುದ್ದಿಯದು. ಮೈಕ್ರೋಸಾಫ್ಟ್ ಸುಮಾರು 9,000 ಜನರನ್ನು ಕೆಲಸದಿಂದ ತೆಗೆಯುತ್ತೇವೆ ಅಂದಿತು. 'ಪರ್ಫೆಕ್ಟ್ ಡಾರ್ಕ್', 'ಎವರ್‌ವೈಲ್ಡ್' ಎರಡೂ ಗೇಮುಗಳು ಅರ್ಧಕ್ಕೇ ನಿಂತುಹೋದವು. ಹೋದ ವರ್ಷ ಇನ್ನೂ ವಿಚಿತ್ರ. 'ಹೈ-ಫೈ ರಷ್' ಅನ್ನು ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಪೋರ್ಟ್ ಮಾಡಿ (ಅಂದರೆ ಒಂದು ಮೆಷಿನ್ನಿನ ಗೇಮನ್ನು ಇನ್ನೊಂದಕ್ಕೆ ಹೊಂದಿಸಿ) ಬಿಟ್ಟರು, ಮೇ ತಿಂಗಳಲ್ಲಿ ಅದನ್ನು ಮಾಡಿದ ಟ್ಯಾಂಗೋ ಸ್ಟುಡಿಯೋವನ್ನೇ ಮುಚ್ಚುತ್ತೇವೆ ಅಂದರು. ಆಗಸ್ಟ್‌ನಲ್ಲಿ ಕೊರಿಯಾದ ಕ್ರಾಫ್ಟನ್ ಬಂದು ಕೈ ಹಿಡಿಯಿತು ಅನ್ನಿ.

"ಅವನು ನಮ್ಮೋನು ಅಂತ ಯಾರು ಹೇಳಿದ್ರು ನಿಂಗೆ?" ಅಂದೆ.

"ಮಾಮ, ಅವನೂ ಆಡ್ತಾನೆ. ಸ್ಟೇಜ್ ಮೇಲೆ ಗೇಮ್ ಟೀ-ಶರ್ಟ್ ಹಾಕ್ಕೊಂಡು ಬರ್ತಾನೆ."

ಟೀ-ಶರ್ಟ್ ನೋಡಿ ನಂಬುವುದಾದರೆ ನಮ್ಮ ಆಫೀಸಿನ ಅರ್ಧ ಮ್ಯಾನೇಜರುಗಳು ಸಂತರು. ಅವನಿಗೆ ಹಾಗೆ ಹೇಳಲಿಲ್ಲ. ಬೇರೆ ಕೇಳಿದೆ: ಕಂಪನಿ ಬಾಸ್ ಎಂಥವನು ಅಂತ ಗೇಮ್ ಆಡುವವನಿಗೆ ನಿಜವಾಗಿ ಗೊತ್ತಾಗೋದು ಎಲ್ಲಿ? ಭಾಷಣದಲ್ಲಲ್ಲ, ಪೋರ್ಟ್‌ನಲ್ಲಿ ಅಂತ ನನ್ನ ವಾದ. ಒಂದೇ ಗೇಮು ನಾಲ್ಕು ಮೆಷಿನ್‌ಗಳಿಗೆ ಹೋಗಬೇಕು, ಟೈಮ್ ಇಲ್ಲ. ಯಾವ ಮೆಷಿನ್ ಇಟ್ಟುಕೊಂಡವನಿಗೆ ಕಳಪೆ ಮಾಲು ಹೋದರೂ ನಡೆಯುತ್ತೆ ಅಂತ ಒಬ್ಬ ಮೇಲೆ ಕೂತು ತೀರ್ಮಾನ ಮಾಡುತ್ತಾನೆ. ಫ್ರೇಮ್ ರೇಟ್ ಬಿದ್ದು ಚಿತ್ರ ತಡವರಿಸಿದಾಗ ನಾವು ಪ್ರೋಗ್ರಾಮರ್‌ನ ಬೈತೀವಿ.

'ಸೈಬರ್‌ಪಂಕ್ 2077' ವಿಷಯ ಬಂದೇ ಬಂತು, ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ ಗೇಮು. 2020ರ ಡಿಸೆಂಬರ್ 10ಕ್ಕೆ ಬಿಟ್ಟರು. ಅದಕ್ಕೂ ಮೊದಲೇ 80 ಲಕ್ಷ ಪ್ರೀ-ಆರ್ಡರ್ ಬಂದಿತ್ತು. ವಿಮರ್ಶಕರಿಗೆ ಮೊದಲು ಕೊಟ್ಟದ್ದು ಪಿಸಿ ಕಾಪಿ ಮಾತ್ರ. ಹಳೇ ಪ್ಲೇಸ್ಟೇಷನ್ 4 (ಪಿಎಸ್4), ಎಕ್ಸ್‌ಬಾಕ್ಸ್ ಒನ್‌ನಲ್ಲಿ ಅದು ಹೇಗೆ ಓಡುತ್ತೆ ಅಂತ ಜನ ಕಂಡದ್ದು ದುಡ್ಡು ಕೊಟ್ಟ ಮೇಲೆ. ಒಂದು ವಾರಕ್ಕೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ಎತ್ತಿತು, ಮುಂದಿನ ಜೂನ್ ತನಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಜನವರಿಯಲ್ಲಿ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಮಾರ್ಚಿನ್ ಇವಿನ್ಸ್ಕಿ ವಿಡಿಯೋದಲ್ಲಿ ಬಂದು ಕ್ಷಮೆ ಕೇಳಿದರು: ತೀರ್ಮಾನ ನಮ್ಮದು, ನಮ್ಮ ಹುಡುಗರನ್ನು ದೂರಬೇಡಿ.

"ಅದು ದೊಡ್ಡ ಗುಣ ಅಲ್ವೇನೋ?"

"ದುಡ್ಡು ಎಣಿಸಿಯಾದ್ಮೇಲೆ ಕ್ಷಮೆ ಕೇಳೋದು ಯಾವ ಗುಣ ಮಾಮ?"

ಸರಿ. ಆದರೆ ಇದೇ ಚಿಂಟು ಈಗ ಅದೇ ಗೇಮಿನ ನಿಂಟೆಂಡೊ ಸ್ವಿಚ್ 2 ಪೋರ್ಟ್ ಹೊಗಳುತ್ತಾನೆ. ಜೂನ್ 5ಕ್ಕೆ ಮೆಷಿನ್ ಜೊತೆಗೇ ಬಂತು, ಪೂರ್ತಿ ಗೇಮು 64 ಜಿಬಿ ಕಾರ್ಟ್ರಿಡ್ಜ್‌ನಲ್ಲೇ ಇದೆ. ಉಳಿದ ಎಷ್ಟೋ ಕಂಪನಿಗಳು ಕೊಡುತ್ತಿರುವುದು ಗೇಮ್-ಕೀ ಕಾರ್ಡು: ಕಾರ್ಡ್ ಹಾಕು, ಆಮೇಲೆ ಗೇಮನ್ನು ಡೌನ್‌ಲೋಡ್ ಮಾಡಿಕೋ. ಅಂದರೆ ದುಬಾರಿ ಕಾರ್ಟ್ರಿಡ್ಜ್ ಖರ್ಚನ್ನು ಇವರು ತಮ್ಮ ತಲೆಗೆ ಹಾಕಿಕೊಂಡಿದ್ದಾರೆ. ಇದು ಗುಣವೋ, ಸುಟ್ಟ ಕೈಯ ನೆನಪೋ?

ಕಾಫಿ ಉಕ್ಕಿತು. ಒಲೆ ಒರೆಸುವಾಗಲೂ ಫೋನ್ ಭುಜಕ್ಕೆ ಒತ್ತಿಕೊಂಡೇ ಮಾತು.

ಇವಾಟಾ ಬಗ್ಗೆ ನನಗೆ ಇಷ್ಟವಾಗೋದು ಆ ಸ್ಟೇಟಸ್ ಮಾತಲ್ಲ. ನಿಂಟೆಂಡೊಗೆ ಬರುವ ಮೊದಲು ಅವರು ಎಚ್‌ಎಎಲ್ ಲ್ಯಾಬೊರೇಟರಿ ಅನ್ನೋ ಗೇಮ್ ಕಂಪನಿಯ ಅಧ್ಯಕ್ಷ (ನಮ್ಮ ವಿಮಾನದ ಎಚ್‌ಎಎಲ್ ಅಲ್ಲ). ಗೇಮ್‌ಬಾಯ್ ಪೋಕೆಮಾನ್‌ನ ಬ್ಯಾಟಲ್ ಪ್ರೋಗ್ರಾಮ್ ನಿಂಟೆಂಡೊ 64ಕ್ಕೆ ಹೋಗಬೇಕಿತ್ತು. ಸರಿಯಾದ ದಾಖಲೆ ಇರಲಿಲ್ಲ. ಈ ಮನುಷ್ಯ ಸೋರ್ಸ್ ಕೋಡನ್ನೇ ಓದುತ್ತಾ ಕೂತು ಒಂದು ವಾರದಲ್ಲಿ ಪೋರ್ಟ್ ಮಾಡಿ ಮುಗಿಸಿದರಂತೆ. ಆ ಪ್ರೋಗ್ರಾಮ್ ಬರೆದಿದ್ದ ಮೊರಿಮೊಟೊ ಅವರೇ ಇದನ್ನು ಮುಂದೆ ನೆನೆಸಿಕೊಂಡಿದ್ದಾರೆ. ಅಧ್ಯಕ್ಷ! ನಮ್ಮಲ್ಲಿ ಟೀಮ್ ಲೀಡ್ ಆದ ದಿನದಿಂದ ಕೋಡ್ ಮುಟ್ಟಿದರೆ ಮೈಲಿಗೆ.

ಹಾಗಂತ ದೇವರೇನಲ್ಲ. 2011ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಮೆಷಿನ್ 3ಡಿಎಸ್ ಬಂದು ಆರು ತಿಂಗಳೂ ಆಗಿರಲಿಲ್ಲ, ಜಪಾನಿನಲ್ಲಿ ಬೆಲೆಯನ್ನು 25,000 ಯೆನ್‌ನಿಂದ 15,000ಕ್ಕೆ ಇಳಿಸಿದರು. ಮೊದಲು ನಂಬಿ ಕೊಂಡವರಿಗೇ ಬರೆ. ಸಮಾಧಾನಕ್ಕೆ ಇಪ್ಪತ್ತು ಹಳೇ ಗೇಮು ಪುಕ್ಕಟೆ ಕೊಟ್ಟರು, ತಮ್ಮ ಸಂಬಳ ಅರ್ಧ ಕಡಿಮೆ ಮಾಡಿಕೊಂಡರು. 2014ರಲ್ಲಿ ಕಂಪನಿ ಸೊರಗಿದಾಗ ಮತ್ತೆ ಐದು ತಿಂಗಳು ಅರ್ಧ ಸಂಬಳ. ಅದರ ಹಿಂದಿನ ವರ್ಷ ಷೇರುದಾರರು ಯಾಕೆ ಜನರನ್ನು ತೆಗೆಯೋದಿಲ್ಲ ಅಂತ ಕೇಳಿದಾಗ, ಕೆಲಸ ಹೋಗುತ್ತೆ ಅಂತ ಹೆದರಿಕೊಂಡವರು ಜಗತ್ತು ಮೆಚ್ಚುವ ಗೇಮ್ ಮಾಡಲಾರರು ಅಂದಿದ್ದರು.

ಇಲ್ಲಿಗೆ ಬಂದು ನಾನೇ ಸುಮ್ಮನಾದೆ. ಇವತ್ತು ಮಧ್ಯಾಹ್ನ ಮೀಟಿಂಗಿನಲ್ಲಿ ನಮ್ಮವರು ಹೇಳಿದ್ದು, "ಮೊದಲು ಬಿಡೋಣ, ಆಮೇಲೆ ಪ್ಯಾಚ್ ಹಾಕೋಣ." ಟೆಸ್ಟಿಂಗ್ ಮಾಡುವ ಹುಡುಗಿ ಲ್ಯಾಪ್‌ಟಾಪ್ ತೆರೆದುಕೊಂಡು ಬಗ್ ಲಿಸ್ಟ್ ತೋರಿಸಲು ಕಾದಿದ್ದಳು. ಯಾರೂ ಆ ಕಡೆ ತಿರುಗಲಿಲ್ಲ. ಅವಳೇ ಮುಚ್ಚಿಟ್ಟಳು. ಆ ಪೋಲಿಷ್ ಆಫೀಸಿನಲ್ಲೂ ಪಿಎಸ್4 ಮುಂದೆ ಕೂತ ಯಾರೋ ಒಬ್ಬರು ಇದ್ದಿರಲೇಬೇಕಲ್ಲ.

ಚಿಂಟು ಬಿಡಲಿಲ್ಲ. "ಇವಾಟಾ ಇದ್ದಿದ್ರೆ ಗೇಮ್-ಕೀ ಕಾರ್ಡ್‌ಗೆ ಒಪ್ತಾನೇ ಇರ್ಲಿಲ್ಲ ಮಾಮ. ಮಾರಿಯೊ ಕಾರ್ಟ್‌ಗೆ 80 ಡಾಲರ್ ಕೇಳ್ತಾನೇ ಇರ್ಲಿಲ್ಲ."

ಹೋದವರ ಬಾಯಲ್ಲಿ ನಮ್ಮ ಮಾತು ಹಾಕೋದು ಸುಲಭ. ಮೊಬೈಲ್ ಗೇಮ್ ಬೇಡವೇ ಬೇಡ ಅಂತ ವರ್ಷಗಟ್ಟಲೆ ಹಟ ಹಿಡಿದಿದ್ದವರೂ ಅವರೇ, 2015ರ ಮಾರ್ಚ್‌ನಲ್ಲಿ ಡಿಎನ್‌ಎ ಕಂಪನಿ ಜೊತೆ ವೇದಿಕೆ ಮೇಲೆ ನಿಂತು ಮೊಬೈಲಿಗೂ ಬರ್ತೀವಿ ಅಂದವರೂ ಅವರೇ. ಸಾಯೋದಕ್ಕೆ ನಾಲ್ಕು ತಿಂಗಳ ಮುಂಚೆ. ಆಗ ಎಷ್ಟು ಜನ ಬೈದಿದ್ದರು.